ನನ್ನ ವಾರದ ನಿಂಬೆಹಣ್ಣು

ಪೆಟ್ರೋಲ್ ಬಂಕಿಗೆ ಬರುವವರಲ್ಲಿ ಎರಡು ಪಂಗಡ. ಬಂಕಿನವನು "ಝೀರೋ ನೋಡಿ ಸಾರ್" ಎಂದರೆ ಕೂತಲ್ಲಿಂದಲೇ "ಹೂಂ, ಹಾಕಪ್ಪಾ" ಎನ್ನುವವರು ಒಂದು ಪಂಗಡ. ಅವನು ಬಾಯಿ ತೆರೆಯುವ ಮುಂಚೆಯೇ ಕಾರಿನಿಂದಿಳಿದು, ಮೀಟರಿನ ಎದುರು ನಿಂತು, ಝೀರೋವನ್ನು ಕಣ್ಣಾರೆ ಕಂಡ ಮೇಲೂ, ಇವನೇ ಮುಂದಾಗಿ ಝೀರೋ ನೋಡಿ ಎನ್ನಬೇಕಾದರೆ ಇದರಲ್ಲಿ ಏನೋ ಇದೆ ಎಂದು ಯೋಚಿಸುವವರು ಇನ್ನೊಂದು ಪಂಗಡ. ನಾನು ಈ ಎರಡನೆಯ ಪಂಗಡದವನು. ಪೆಟ್ರೋಲ್ ಹಾಕಿಯಾದ ಮೇಲೆ ಪೈಪನ್ನು ಎತ್ತಿ ಅಲ್ಲಾಡಿಸಲು ಹೇಳುತ್ತೇನೆ. ಅವನು ಅಲ್ಲಾಡಿಸಿದ ರೀತಿ ಸರಿಬರದಿದ್ದರೆ ನಾನೇ ಅಲ್ಲಾಡಿಸುತ್ತೇನೆ. ಹಲಸೂರು ಮಾರ್ಕೆಟ್ಟಿನಲ್ಲಿ ಬದನೆಕಾಯಿ ತೂಗಿಸುವಾಗ ತಕ್ಕಡಿಯ ಅಡಿಗೆ ಬಗ್ಗಿ ನೋಡುವ ಗಿರಾಕಿ ಕೂಡ ನಾನೇ. ನನ್ನ ಹೆಂಡತಿ ಸರೋಜ ಇದನ್ನು ಬಂಧುಬಳಗದ ಮುಂದೆ ಸಾಕ್ಷಿ ಸಮೇತ ಹೇಳುತ್ತಾಳೆ. "ತಾಳಿ ಕಟ್ಟೋ ಮುಂಚೆ ಬಗ್ಗಿ ನನ್ನ ಮುಖ ನೋಡಿದ್ರು ಕಣ್ರೀ. ನಾನೇನೋ ಪ್ರೀತಿ ಅಂದ್ಕೊಂಡೆ. ಹುಡುಗಿ ಬದಲಾಯಿಸಿಬಿಟ್ಟಿದಾರಾ ಅಂತ ನೋಡಿದ್ದಂತೆ!" ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ಆದರೆ ಒಂದು ಸಲ ನೋಡಿಕೊಂಡದ್ದರಲ್ಲಿ ತಪ್ಪೇನಿತ್ತು ಎಂದು ಇವತ್ತಿಗೂ ನನಗೆ ಅರ್ಥವಾಗಿಲ್ಲ.

ಇಂಥ ನಾನು ಒಂದು ಕಾರು ಕೊಂಡೆ. ಪ್ರಾವಿಡೆಂಟ್ ಫಂಡಿನಿಂದ ಸಾಲ ತೆಗೆದು ಕೊಂಡ ಹಳೆಯ ಬಿಳಿ ಕಾರು. ದೊಡ್ಡನೆಕ್ಕುಂದಿಯ ಕಾರ್ಖಾನೆಯೊಂದರಲ್ಲಿ ಖರೀದಿ ವಿಭಾಗದ ಗುಮಾಸ್ತನಾಗಿ ಅಷ್ಟು ವರ್ಷ ಬಸ್ಸಿನ ಕಂಬಿಗೆ ಜೋತುಬಿದ್ದವನಿಗೆ ಆ ಕಾರು ಏನಾಗಿತ್ತೆಂದು ಹೇಗೆ ಹೇಳಲಿ? ಮನೆಯಲ್ಲಿ ಸರೋಜ, ಆಫೀಸಿನಲ್ಲಿ ಮ್ಯಾನೇಜರು, ರಸ್ತೆಯಲ್ಲಿ ಕಂಡಕ್ಟರು ಹೇಳಿದ ಕಡೆಗೆಲ್ಲ ನಾನು ತಿರುಗುತ್ತಿದ್ದೆ. ನಾನು ತಿರುಗಿಸಿದ ಕಡೆಗೆ ತಿರುಗುವ ವಸ್ತುವೊಂದು ಬಾಳಿನಲ್ಲಿ ಮೊದಲ ಬಾರಿಗೆ ಸಿಕ್ಕಿತ್ತು. ಭಾನುವಾರ ಸುಮ್ಮನೆ ಅದರೊಳಗೆ ಹೋಗಿ ಕೂತು ಪೇಪರ್ ಓದುತ್ತಿದ್ದೆ. ಆದರೆ ಪೆಟ್ರೋಲಿನ ಬೆಲೆ ಸುಮ್ಮನೆ ಕೂರುವ ಪೈಕಿಯಲ್ಲ. ಅದು ಮತ್ತೊಮ್ಮೆ ಏರಿದ ದಿನ ಸರೋಜ ಖಂಡತುಂಡವಾಗಿ ಹೇಳಿಬಿಟ್ಟಳು: "ನೋಡಿ, ಖರ್ಚು ಇಳಿಸಿ, ಇಲ್ಲಾಂದ್ರೆ ಕಾರು ಮಾರಿ. ಬಸ್ಸಲ್ಲಿ ಹೋಗ್ತಿದ್ದಾಗ ನೀವೇನು ಸೊರಗಿ ಹೋಗಿದ್ರಾ?" ಮನೆಯ ವ್ಯವಹಾರದಲ್ಲಿ ಅವಳು ಒಮ್ಮೆ ಹೇಳಿದರೆ ಮುಗಿಯಿತು, ಮೇಲ್ಮನವಿಗೆ ಅವಕಾಶವಿಲ್ಲ.

ಆಗಲೇ ನಮ್ಮ ಟೆಲಿಫೋನ್ ಬೋರ್ಡಿನ ಸ್ಟೆಲ್ಲಾ ಮೇಡಂ ಒಂದು ಉಪಾಯ ತಂದರು. ಅವರ ಮನೆ ಮರ್ಫಿ ಟೌನ್. ಶಿವಾಜಿನಗರದ ನಜೀರ್ ಸಾಹೇಬರು ಇನ್ಸ್‌ಪೆಕ್ಷನ್ ವಿಭಾಗ, ದೊಮ್ಮಲೂರಿನ ಮುನಿರೆಡ್ಡಿಯವರು ಸ್ಟೋರ್ಸ್, ನಾನು ಹಲಸೂರು. ನಾಲ್ವರ ಹತ್ತಿರವೂ ಕಾರಿದೆ, ನಾಲ್ವರೂ ಹೋಗುವುದು ಒಂದೇ ಗೇಟಿಗೆ. ಒಂದೊಂದು ವಾರ ಒಬ್ಬೊಬ್ಬರ ಕಾರು, ಅವರವರ ವಾರದ ಪೆಟ್ರೋಲ್ ಅವರವರದೇ. ತಿಂಗಳಲ್ಲಿ ಮೂರು ವಾರ ಪುಕ್ಕಟೆ ಸವಾರಿ. ಕೇಳಲು ಇಷ್ಟು ಚೆನ್ನಾಗಿದ್ದದ್ದೇ ನನ್ನ ಅನುಮಾನಕ್ಕೆ ಮೊದಲ ಕಾರಣ. ಈ ಯಮ್ಮ ಯಾಕೆ ತಾನಾಗಿ ಬಂದು ಹೇಳಿದರು? ಇದರಲ್ಲಿ ಅವರಿಗೇನು ಲಾಭ? ಎರಡು ದಿನ ತಲೆ ಕೆಡಿಸಿಕೊಂಡು, ನನಗಿರುವ ಲಾಭವೇ ಅವರಿಗೂ ಇರಬಹುದೆಂದು ಕೊನೆಗೆ ಹೊಳೆದ ಮೇಲೆ ಒಪ್ಪಿಕೊಂಡೆ. ಗುಂಪು ಸೇರಿದ್ದರಿಂದ ಕಾರು ಉಳಿಯಿತು. ಸರೋಜ ತನ್ನ ತೀರ್ಪನ್ನು ಹಿಂದೆಗೆದುಕೊಳ್ಳಲಿಲ್ಲ, ತಡೆಹಿಡಿದಳು. "ಗುಂಪು ಒಡೆದ ದಿನ ಕಾರು ಮಾರಾಟ" ಎಂದಳು. ನಾನು ಈ ಷರತ್ತನ್ನು ಸಂಕಟದಿಂದ ಮೂವರಿಗೂ ಹೇಳಿಕೊಂಡಿದ್ದೆ. ಹೇಳಬಾರದಿತ್ತೇನೋ, ನನ್ನ ಜುಟ್ಟು ಅವರ ಕೈಗೆ ಕೊಟ್ಟಂತಾಯಿತಲ್ಲ ಎಂದು ಆಮೇಲೆ ಅನ್ನಿಸಿತು.

ಉಳಿದ ಮೂವರು ತಮ್ಮ ವಾರದಲ್ಲಿ ಎಲ್ಲರಂತೆ ಕಾರು ಓಡಿಸುತ್ತಿದ್ದರು. ನಾನು ಮಾತ್ರ ನನ್ನ ವಾರದಲ್ಲಿ ಪೆಟ್ರೋಲ್ ಉಳಿಸುವುದನ್ನು ವ್ರತದಂತೆ ಹಿಡಿದೆ. ಸಿಗ್ನಲ್ಲಿನಲ್ಲಿ ಕೆಂಪು ಕಂಡ ಕೂಡಲೇ ಇಂಜಿನ್ ಬಂದ್. ಗಾಳಿ ತಡೆಯುತ್ತದೆಂದು ಕಿಟಕಿ ಬಂದ್. ಬ್ರೇಕ್ ಹಾಕಿದರೆ ಸುಟ್ಟ ಪೆಟ್ರೋಲೆಲ್ಲ ದಂಡವಾಗುತ್ತದೆ ಎಂದು ಎಲ್ಲೋ ಓದಿದ್ದರಿಂದ ಬ್ರೇಕನ್ನು ತೀರಾ ಅನಿವಾರ್ಯವಾದರೆ ಮಾತ್ರ ಮುಟ್ಟುತ್ತಿದ್ದೆ. ಅನಿವಾರ್ಯವೆಂದರೆ ಎದುರಿನ ಲಾರಿಯ ಹಿಂದೆ ಬರೆದದ್ದನ್ನು ಕನ್ನಡಕವಿಲ್ಲದೆ ಓದಲು ಸಾಧ್ಯವಾದಾಗ. ಭಾರ ಕಡಿಮೆಯಾಗಲೆಂದು ಡಿಕ್ಕಿಯಲ್ಲಿದ್ದ ಸ್ಟೆಪ್ನಿಯನ್ನು ಕೂಡ ಮನೆಯಲ್ಲೇ ಇಳಿಸಿದ್ದೆ. ಮುನಿರೆಡ್ಡಿಯವರ ಊಟದ ಕ್ಯಾರಿಯರ್ ಬಗ್ಗೆಯೂ ನನಗೆ ಒಂದು ಕಣ್ಣಿತ್ತು. ಅವರು ಸ್ಥೂಲಕಾಯರು, ಅದು ದೇವರು ಕೊಟ್ಟದ್ದು, ಇರಲಿ. ಆದರೆ ನನ್ನ ವಾರದಲ್ಲೇ ಎರಡು ಮುದ್ದೆ ಹೆಚ್ಚಾಗಿ ತರುತ್ತಾರೇನೋ ಎಂಬ ಶಂಕೆ. ಒಂದು ದಿನ ಕ್ಯಾರಿಯರನ್ನು ಹಿಡಿದುಕೊಳ್ಳುವ ನೆಪದಲ್ಲಿ ಎತ್ತಿ ನೋಡಿದೆ. ಭಾರವೇ ಇತ್ತು.

ಇವೆಲ್ಲ ಚಿಲ್ಲರೆ ಉಳಿತಾಯ. ನನ್ನ ನಿಜವಾದ ಹೆಮ್ಮೆ ಕೆ.ಆರ್.ಪುರದ ತೂಗುಸೇತುವೆ. ಅದು ಬಂದು ಬಹಳ ದಿನವಾಗಿರಲಿಲ್ಲ. ಟಿನ್ ಫ್ಯಾಕ್ಟರಿ ಕಡೆಯಿಂದ ಹತ್ತಿ, ಸೇತುವೆಯ ನೆತ್ತಿ ಮುಟ್ಟಿದ ಕೂಡಲೇ ಗೇರನ್ನು ನ್ಯೂಟ್ರಲ್ಲಿಗೆ ತಂದು ಕೀ ತಿರುಗಿಸಿ ಇಂಜಿನ್ ಆರಿಸಿಬಿಡುತ್ತಿದ್ದೆ. ಆಹಾ, ಆ ನಿಶ್ಶಬ್ದ! ಟೈರಿನ ಸರಸರ ಬಿಟ್ಟರೆ ಬೇರೆ ಸದ್ದಿಲ್ಲ. ಒಂದು ಹನಿ ಪೆಟ್ರೋಲ್ ಇಲ್ಲದೆ ನಾಲ್ಕು ಜನ, ನಾಲ್ಕು ಊಟದ ಡಬ್ಬಿ ಜಾರಿ ಹೋಗುತ್ತಿದ್ದೆವು. ಮಹದೇವಪುರದ ರಸ್ತೆಗೆ ತಿರುಗಿದ ಮೇಲೆ ಎಡಕ್ಕೊಂದು ಬೇಕರಿ ಸಿಗುತ್ತಿತ್ತು. ಅಲ್ಲಿವರೆಗೂ ಉರುಳಿಕೊಂಡು ಹೋದರೆ ಅವತ್ತಿಡೀ ನನ್ನ ಮನಸ್ಸು ಪ್ರಸನ್ನ. ನಜೀರ್ ಸಾಹೇಬರು ಒಮ್ಮೆ ಮೆಲ್ಲಗೆ, "ಸಾಬ್, ಕೀ ಜಾಸ್ತಿ ತಿರುಗಿದ್ರೆ ಸ್ಟಿಯರಿಂಗ್ ಲಾಕ್ ಆಗ್ತದೆ, ನೋಡ್ಕೊಳಿ" ಎಂದರು. ನನ್ನ ಉಳಿತಾಯ ಕಂಡು ಇವರಿಗೆ ಹೊಟ್ಟೆಯುರಿ ಎಂದುಕೊಂಡೆ.

ಹೀಗಿರುವಾಗ ನಾನು ಒಂದು ವಿಷಯ ಗಮನಿಸಿದೆ. ಬೇರೆಯವರ ವಾರದಲ್ಲಿ ಕಾರಿನ ತುಂಬ ಮಾತು. ಮುನಿರೆಡ್ಡಿ ತಮ್ಮ ಹೊಲವಿದ್ದ ಜಾಗದಲ್ಲಿ ಈಗ ಎಂಥೆಂಥ ಕಟ್ಟಡ ಎದ್ದಿದೆ ಎಂದು ತೋರಿಸುವರು, ನಜೀರ್ ಸಾಹೇಬರು ಭಾವಮೈದುನನ ಚಪ್ಪಲಿ ಅಂಗಡಿಯ ಕತೆ ಹೇಳುವರು, ಸ್ಟೆಲ್ಲಾ ಮೇಡಂ ಟೆಲಿಫೋನಿನಲ್ಲಿ ಕೇಳಿಸಿಕೊಳ್ಳಬಾರದ್ದನ್ನು ಕೇಳಿಸಿಕೊಂಡು ಹೇಳಬಾರದ್ದನ್ನು ಹೇಳುವರು. ನನ್ನ ವಾರ ಬಂತೋ, ಮೂವರೂ ಗಪ್ ಚುಪ್. ಸೇತುವೆ ಹತ್ತಿರವಾಗುತ್ತಿದ್ದಂತೆ ಸ್ಟೆಲ್ಲಾ ಮೇಡಂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಜೀರ್ ಸಾಹೇಬರ ತುಟಿ ಅಲುಗಾಡುತ್ತಿತ್ತು. ಮುನಿರೆಡ್ಡಿ ಕಿಟಕಿಯ ಮೇಲಿನ ಹಿಡಿಯನ್ನು ಹಿಡಿದುಕೊಂಡು ಆಕಾಶ ನೋಡುತ್ತಿದ್ದರು. ಮೊದಮೊದಲು ನಿಶ್ಶಬ್ದದ ಸವಿಯನ್ನು ಇವರೂ ಅನುಭವಿಸುತ್ತಿದ್ದಾರೆ ಎಂದು ನಾನು ಹಿಗ್ಗಿದ್ದುಂಟು. ಆಮೇಲೆ, ಮೂರು ಜನ ಒಟ್ಟಿಗೆ ಮಾತು ನಿಲ್ಲಿಸಬೇಕಾದರೆ ನನ್ನ ಬೆನ್ನ ಹಿಂದೆ ಏನೋ ಮಾತಾಗಿರಬೇಕು ಎಂದು ತಲೆಗೆ ಹುಳ ಹೊಕ್ಕಿತು.

ಹುಳಕ್ಕೆ ಆಹಾರ ತಾನಾಗಿಯೇ ಬಂತು. ನನ್ನ ವಾರದ ಒಂದು ಸೋಮವಾರ ಸ್ಟೆಲ್ಲಾ ಮೇಡಂ ಆರೋಗ್ಯ ಮಾತೆಯ ಚಿಕ್ಕ ಪ್ರತಿಮೆ ತಂದು ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದರು. "ಇರ್ಲಿ ಸಾರ್, ನಿಮ್ ಕಾರಿಗೆ ಚೆನ್ನಾಗಿದೆ" ಎಂದರು. ಮರುದಿನ ನಜೀರ್ ಸಾಹೇಬರು ದರ್ಗಾದಿಂದ ತಂದ ಒಂದು ತಾಯತವನ್ನು ಕನ್ನಡಿಗೆ ಕಟ್ಟಿದರು. ಮುನಿರೆಡ್ಡಿಯವರು ಹಲಸೂರಿನ ದೇವಸ್ಥಾನದ ಕುಂಕುಮ ತಂದು ಸ್ಟಿಯರಿಂಗಿಗೆ ಇಟ್ಟು, ಉಳಿದದ್ದನ್ನು ನನ್ನ ಹಣೆಗೂ ಇಟ್ಟರು. ಸರ್ವಧರ್ಮ ಸಮನ್ವಯಕ್ಕೆ ನನ್ನ ಅಭ್ಯಂತರವಿಲ್ಲ. ಆದರೆ ಅವರವರ ಕಾರಿನಲ್ಲಿ ಒಂದು ಊದುಬತ್ತಿಯ ಕಡ್ಡಿಯೂ ಇಲ್ಲ, ನನ್ನ ಕಾರಿನಲ್ಲೇ ಯಾಕೆ ಈ ಜಾತ್ರೆ? ಅದೂ ಅಲ್ಲದೆ ಪ್ರತಿಮೆಗೆ, ತಾಯತಕ್ಕೆ ತೂಕವಿಲ್ಲವೇ? ಆ ತೂಕವನ್ನು ದಿನಾ ಹೊತ್ತುಕೊಂಡು ಹೋಗುವ ಪೆಟ್ರೋಲ್ ಯಾರದು?

ಇಷ್ಟಕ್ಕೇ ನಿಂತಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಒಂದು ಸಂಜೆ ಕಾರು ಒರೆಸುವಾಗ ನನ್ನ ಸೀಟಿನ ಕೆಳಗೆ ಕೈಗೆ ಏನೋ ಸಿಕ್ಕಿತು. ಎಳೆದು ನೋಡಿದರೆ ಕೆಂಪು ದಾರ ಸುತ್ತಿ, ಅರಿಶಿನ ಬಳಿದ ನಿಂಬೆಹಣ್ಣು! ಒಳಗೆ ಓಡಿ ಸರೋಜಳಿಗೆ ತೋರಿಸಿದೆ. "ಮಾಟ ಕಣೇ, ಯಾರೋ ಮಾಟ ಮಾಡಿಸಿದಾರೆ!" ಅವಳು ಹಣ್ಣನ್ನು ಹಿಚುಕಿ ನೋಡಿದಳು. "ಮಾಟಕ್ಕೆ ಯಾರ್ರೀ ಇಷ್ಟು ಒಳ್ಳೇ ಹಣ್ಣು ಹಾಕ್ತಾರೆ? ರಸ ಚೆನ್ನಾಗಿದೆ, ನಾಳೆ ಚಿತ್ರಾನ್ನಕ್ಕೆ ಆಗುತ್ತೆ" ಎಂದಳು. ನಾನು ಅದನ್ನು ಅವಳ ಕೈಯಿಂದ ಕಿತ್ತುಕೊಂಡು ಮೋರಿಗೆ ಎಸೆದೆ. ಮುಂದಿನ ತಿಂಗಳು ನನ್ನ ವಾರದಲ್ಲಿ ನೋಡಿದರೆ, ಅದೇ ಜಾಗದಲ್ಲಿ ಹೊಸ ನಿಂಬೆಹಣ್ಣು. ಅಪರಾಧಿಯನ್ನು ಹಿಡಿಯುವುದು ಕಷ್ಟವಾಗಲಿಲ್ಲ. ನನ್ನ ಹಿಂದಿನ ಸೀಟಿನಲ್ಲಿ ಕೂರುವವರು ಮುನಿರೆಡ್ಡಿ. ಸೋಮವಾರ ಹತ್ತಿದ ಕೂಡಲೇ ಬೂಟಿನ ಲೇಸ್ ಕಟ್ಟಿಕೊಳ್ಳುವವರಂತೆ ಬಗ್ಗುವುದು ಅವರ ರೂಢಿ. ಅವತ್ತು ಇಳಿಯುವಾಗ ಅವರ ಕಾಲು ನೋಡಿದೆ. ಹಾಕಿಕೊಂಡಿದ್ದದ್ದು ಚಪ್ಪಲಿ.

ಅಲ್ಲಿಗೆ ಎಲ್ಲವೂ ಒಂದಕ್ಕೊಂದು ಕೂಡಿಕೊಂಡಿತು. ಹದಿನೈದು ದಿನದ ಹಿಂದಷ್ಟೇ ಮುನಿರೆಡ್ಡಿ ಕ್ಯಾಂಟೀನಿನಲ್ಲಿ ನನ್ನ ಪಕ್ಕ ಕೂತು, "ಮೂರ್ತಿ ಸಾರ್, ಈ ಕಾರು ಕೊಡ್ತೀರೇನು? ರೇಟು ನೀವೇ ಹೇಳಿ" ಎಂದಿದ್ದರು. ನಾನು ನಕ್ಕು ತಳ್ಳಿಹಾಕಿದ್ದೆ. ಈಗ ಅರ್ಥವಾಯಿತು. ಮಾಟದಿಂದ ಕಾರಿನ ಮೈಲೇಜು ಕೆಡಿಸುವುದು, ಪೆಟ್ರೋಲ್ ಕುಡಿಸುವುದು, ಸರೋಜಳ ಬಾಯಿಂದಲೇ ಮಾರಿ ಎನ್ನಿಸುವುದು, ಕೊನೆಗೆ ಸಸ್ತಾ ಬೆಲೆಗೆ ಹೊಡೆದುಕೊಳ್ಳುವುದು! ಉಳಿದಿಬ್ಬರಿಗೂ ಇದರಲ್ಲಿ ಪಾಲಿರಬೇಕು. ನಾನು ಪತ್ತೇದಾರಿ ಶುರುಮಾಡಿದೆ. ಅವರ ವಾರಗಳಲ್ಲಿ ಅವರ ಸೀಟಿನ ಕೆಳಗೆ ಕೈಯಾಡಿಸುತ್ತಿದ್ದೆ. ಮುನಿರೆಡ್ಡಿಯ ಕಾರಿನಲ್ಲಿ ಕಡಲೆಕಾಯಿ ಸಿಪ್ಪೆ ಸಿಕ್ಕಿತು, ನಜೀರ್ ಸಾಹೇಬರ ಕಾರಿನಲ್ಲಿ ಮಕ್ಕಳ ಕ್ಲಿಪ್ಪು. ಸ್ಟೆಲ್ಲಾ ಮೇಡಂ ಕಾರಿನಲ್ಲಿ ಕೈಯಾಡಿಸುತ್ತಿರುವಾಗ ಕನ್ನಡಿಯಲ್ಲಿ ಅವರ ಕಣ್ಣು ನನ್ನ ಮೇಲಿತ್ತು. "ಏನ್ ಸಾರ್ ಹುಡುಕ್ತಿದೀರ, ದಿನಾ?" ಎಂದರು. ಪೆನ್ನು ಬಿತ್ತು ಎಂದೆ. ಪೆನ್ನು ಜೇಬಿನಲ್ಲೇ ಇತ್ತು, ಅವರು ಅದನ್ನೂ ನೋಡಿದರು.

ನನ್ನ ವಾರದ ಹಿಂದಿನ ಭಾನುವಾರ ನಾನು ಶುದ್ಧೀಕರಣ ಮಾಡಿದೆ. ತಾಯತ ಬಿಚ್ಚಿದೆ, ಪ್ರತಿಮೆಯನ್ನು ಗೋಂದು ಕೆದಕಿ ತೆಗೆದೆ. ದೇವರಿಗೆ ಅಪಚಾರವಾಗಬಾರದೆಂದು ಎರಡನ್ನೂ ಬಟ್ಟೆಯಲ್ಲಿ ಸುತ್ತಿ ದೇವರ ಮನೆಯಲ್ಲಿ ಇಟ್ಟೆ. ಕುಂಕುಮ ಒರೆಸಿದೆ. ಸಾಕ್ಷಿಗೆಂದು ಅಲ್ಲೇ ಬಿಟ್ಟಿದ್ದ ನಿಂಬೆಹಣ್ಣು ಒಣಗಿ ಅಡಿಕೆಯ ಗಾತ್ರವಾಗಿತ್ತು, ಅದನ್ನೂ ಬಿಸಾಡಿದೆ. ಸೋಮವಾರ ಬೆಳಿಗ್ಗೆ ಹಲಸೂರು ಕೆರೆಯ ಮೂಲೆಯಲ್ಲಿ ನಜೀರ್ ಸಾಹೇಬರು, ಸ್ಟೆಲ್ಲಾ ಮೇಡಂ ಹತ್ತಿದರು. ಬೋಳು ಡ್ಯಾಶ್‌ಬೋರ್ಡ್ ನೋಡಿ ಇಬ್ಬರ ಮುಖವೂ ಬಿಳಿಚಿಕೊಂಡಿತು. ನಾನು ಒಳಗೊಳಗೇ ಮೀಸೆ ತಿರುವಿದೆ. ಇಂದಿರಾನಗರದ ತಿರುವಿನಲ್ಲಿ ಮುನಿರೆಡ್ಡಿ ಬಾಗಿಲು ತೆಗೆದು, ಹತ್ತುವ ಮುಂಚೆ ಒಳಗೆ ಇಣುಕಿದರು.

"ದೇವ್ರೆಲ್ಲಾ ಎಲ್ಲಿ ಸಾರ್?" ಎಂದರು.

"ಮನೆಯಲ್ಲಿ" ಎಂದೆ, ಎಲ್ಲ ಗೊತ್ತಿರುವವನ ನಗೆ ನಕ್ಕು. "ನಿಮ್ಮ ನಿಂಬೆಹಣ್ಣಿಗೂ ಇನ್ನು ಮೇಲೆ ಜಾಗ ಇಲ್ಲ ರೆಡ್ಡೀ."

ಮೂವರೂ ಮುಖ ಮುಖ ನೋಡಿಕೊಂಡರು. ಸ್ಟೆಲ್ಲಾ ಮೇಡಂಗೆ ಗ್ಯಾಸ್ ಸಿಲಿಂಡರ್ ಬರುವುದು ಥಟ್ಟನೆ ನೆನಪಾಯಿತು. ನಜೀರ್ ಸಾಹೇಬರಿಗೆ ಬ್ಯಾಂಕಿನಲ್ಲಿ ಕೆಲಸ ಬಿತ್ತು. ಮುನಿರೆಡ್ಡಿಗೆ ಹೊಟ್ಟೆ ಸರಿಯಿರಲಿಲ್ಲ. ನೋಡುನೋಡುತ್ತಿದ್ದಂತೆ ಕಾರು ಖಾಲಿ. ಮಾಟ ಕಿತ್ತೊಗೆದ ಕೂಡಲೇ ಮಾಟಗಾರರು ಕಾಲು ಕಿತ್ತರಲ್ಲ ಎಂದು ಮೊದಲು ಜಂಬವೇ ಆಯಿತು. ಆಮೇಲೆ ಹಳೆ ಮದರಾಸು ರಸ್ತೆಯಲ್ಲಿ ಒಬ್ಬನೇ ಹೋಗುತ್ತಿರುವಾಗ ಲೆಕ್ಕ ಹೊಳೆಯಿತು. ಗುಂಪು ಒಡೆಯಿತು. ಸಂಜೆ ಸರೋಜಳಿಗೆ ಏನು ಹೇಳಲಿ? ಈ ಸ್ಟಿಯರಿಂಗನ್ನು ಇನ್ನೆಷ್ಟು ದಿನ ಹಿಡಿಯುತ್ತೇನೆ? ಅಳು ಬಂದಂತಾಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಬಂದೇಬಿಟ್ಟಿತು.

ಕಣ್ಣೊರೆಸಿಕೊಂಡು ತೂಗುಸೇತುವೆ ಹತ್ತಿದೆ. ಮೂರು ಜನರ ಭಾರವಿಲ್ಲ, ಮುದ್ದೆಯಿಲ್ಲ, ದೇವರಿಲ್ಲ. ಇವತ್ತು ಕಾರು ಹಗುರ, ಬೇಕರಿಯನ್ನೂ ದಾಟಿ ಉರುಳುತ್ತದೆ, ಅದೊಂದಾದರೂ ಸಮಾಧಾನ ಇರಲಿ ಎಂದುಕೊಂಡು ನೆತ್ತಿಯಲ್ಲಿ ಇಂಜಿನ್ ಆರಿಸಿದೆ. ಕಾರು ಇಳಿಯಿತು. ಇಳಿಯುತ್ತಾ ಇಳಿಯುತ್ತಾ ಸೊರಗಿತು. ಮಹದೇವಪುರದ ಕಡೆಗೆ ತಿರುಗುವಷ್ಟರಲ್ಲಿ ಇನ್ನೊಂದು ಗಜವೂ ಮುಂದೆ ಹೋಗುವುದಿಲ್ಲವೆಂದು ನಡುರಸ್ತೆಯಲ್ಲಿ ನಿಂತುಬಿಟ್ಟಿತು. ಸೆಲ್ಫ್ ಹೊಡೆದೆ. ಕರ್ರ್ ಎಂದು ಕೆಮ್ಮಿ ಅದೂ ಸುಮ್ಮನಾಯಿತು. ಹಿಂದೆ ಲಾರಿ, ಟೆಂಪೋ, ಕಂಪನಿ ಬಸ್ಸುಗಳ ಹಾರ್ನ್. ನನ್ನ ಹಿಂದೆಯೇ ಬಂದು ಸಿಕ್ಕಿಹಾಕಿಕೊಂಡ ಆಟೋದಿಂದ ಡ್ರೈವರ್ ತಲೆ ಹೊರಗೆ ಹಾಕಿ ಬೈದ. ಅವನ ಹಿಂದಿನ ಸೀಟಿನಲ್ಲಿ ಇನ್ನೂ ಮೂರು ತಲೆಗಳಿದ್ದವು. ಗ್ಯಾಸ್ ಸಿಲಿಂಡರ್, ಬ್ಯಾಂಕಿನ ಕೆಲಸ, ಕೆಟ್ಟ ಹೊಟ್ಟೆ.

ಮೂವರೂ ಇಳಿದು ಬಂದರು. ಮುನಿರೆಡ್ಡಿ ಡಿಕ್ಕಿಗೆ ಬೆನ್ನು ಕೊಟ್ಟರು, ನಜೀರ್ ಸಾಹೇಬರು ತೋಳು ಮಡಚಿದರು, ಸ್ಟೆಲ್ಲಾ ಮೇಡಂ ಸೀರೆಯ ಸೆರಗು ಸಿಕ್ಕಿಸಿಕೊಂಡರು. ಸೇರಿ ತಳ್ಳಿ ಕಾರನ್ನು ರಸ್ತೆಯ ಪಕ್ಕಕ್ಕೆ ತಂದು, ಆಟೋವನ್ನು ಕಳಿಸಿಬಿಟ್ಟರು. ಸಿಟ್ಟು, ಅವಮಾನ, ಅಳು ಎಲ್ಲ ಸೇರಿ ನಾನು ಕಾರಿನಿಂದಿಳಿದು ಕೂಗಾಡಿಬಿಟ್ಟೆ. "ನನ್ನ ಕಾರಿಗೆ ಮಾಟ ಮಾಡಿಸ್ತೀರೇನ್ರೀ? ಇದನ್ನ ಹೊಡ್ಕೊಳ್ಳೋಕೆ ಇಷ್ಟೆಲ್ಲಾ ಮಾಡಿದ್ರಾ?"

"ಮಾಟಾನಾ?" ಎಂದು ಮುನಿರೆಡ್ಡಿ ಬಾಯಿ ಬಿಟ್ಟರು. "ಅಯ್ಯೋ ನಿಮ್ಮಾ! ಅದು ನಮ್ ಮುನೇಶ್ವರನ ಗುಡೀಲಿ ಮಂತ್ರಿಸಿ ತಂದಿದ್ದು ಸಾರ್. ನಮ್ ಜೀವ ಉಳೀಲಿ ಅಂತ."

"ಪ್ರತಿ ಸಲ ಬ್ರಿಡ್ಜ್ ಮೇಲೆ ನೀವು ಕೀ ತಿರುಗಿಸ್ತೀರಿ, ನಾನು ಕಲ್ಮಾ ಓದ್ತೀನಿ" ಎಂದರು ನಜೀರ್ ಸಾಹೇಬರು. "ನನ್ ಹೆಂಡ್ತಿ ಹೇಳಿದ್ಲು, ತಾಯತ ಕಟ್ಟು, ಇಲ್ಲಾಂದ್ರೆ ಆ ಕಾರಲ್ಲಿ ಹತ್ಬೇಡ. ಇವತ್ತು ಅದೂ ಇಲ್ಲ. ಏನ್ ಮಾಡ್ಲಿ ಸಾಬ್?"

"ಹಾಗಾದ್ರೆ ಕಾರು ಕೊಡ್ತೀರಾ ಅಂತ ಯಾಕೆ ಕೇಳಿದ್ರಿ?" ಎಂದು ನಾನು ಮುನಿರೆಡ್ಡಿಯ ಕಡೆ ತಿರುಗಿದೆ.

"ನಾನ್ ತಗೊಂಡ್ರೆ ಇಂಜಿನ್ ಆನ್ ಅಲ್ಲೇ ಇರ್ತದಲ್ಲ ಸಾರ್" ಎಂದರು ಅವರು, ಬೆವರೊರೆಸಿಕೊಳ್ಳುತ್ತಾ.

ಇಷ್ಟು ಹೆದರುತ್ತಿದ್ದವರು ಬಾಯಿ ಬಿಟ್ಟು ಒಂದು ಮಾತು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಸ್ಟೆಲ್ಲಾ ಮೇಡಂ ಹೇಳಿದರು, "ಹೇಳಿದ್ರೆ ನೀವು ಕೋಪ ಮಾಡ್ಕೊಂಡು ಗುಂಪು ಬಿಡ್ತೀರ. ಬಿಟ್ರೆ ಮನೇಲಿ ಕಾರ್ ಮಾರಿಸ್ತಾರೆ ಅಂತ ನೀವೇ ಹೇಳಿದ್ರಲ್ಲ ಸಾರ್. ನಿಮಗೆ ಆ ಕಾರ್ ಅಂದ್ರೆ ಎಷ್ಟು ಇಷ್ಟ ಅಂತ ನಮಗೆ ಗೊತ್ತಿಲ್ವಾ? ಅದಕ್ಕೇ ಭಾರ ದೇವ್ರ ಮೇಲೆ ಹಾಕಿ ಕೂತ್ಕೋತಿದ್ವಿ." ಒಬ್ಬನ ಕಾರು ಉಳಿಯಲೆಂದು ಮೂರು ಜನ ತಿಂಗಳುಗಟ್ಟಲೆ ಜೀವ ಕೈಯಲ್ಲಿ ಹಿಡಿದು ಕೂತಿದ್ದರು. ಆ ಹೊತ್ತಿಗೆ ನಾನು ಅವರ ಕ್ಯಾರಿಯರಿನ ತೂಕ ನೋಡುತ್ತಿದ್ದೆ. ಕಣ್ಣು ಮತ್ತೆ ತುಂಬಿಕೊಂಡಿತು. ಅದನ್ನು ಮರೆಸಲು, "ಅದಿರಲಿ, ಇವತ್ತು ಇಷ್ಟು ಹಗುರವಿದ್ದೂ ಬೇಕರಿವರೆಗೆ ಯಾಕೆ ಬರಲಿಲ್ಲ?" ಎಂದೆ. ಮುನಿರೆಡ್ಡಿ ತಮ್ಮ ಹೊಟ್ಟೆ ತಟ್ಟಿಕೊಂಡರು. "ಭಾರ ಇದ್ರೆ ತಾನೇ ಸಾರ್ ಉರುಳೋದು? ಇಷ್ಟು ದಿನ ನಿಮ್ಮನ್ನ ಬೇಕರಿ ಮುಟ್ಟಿಸ್ತಿದ್ದದ್ದು ಇದು!"

ಕಾರನ್ನು ಮತ್ತೆ ತಳ್ಳಿ ಸ್ಟಾರ್ಟ್ ಮಾಡುವ ಮುಂಚೆ ಅಲ್ಲೇ ರಸ್ತೆ ಬದಿಯಲ್ಲಿ ಒಪ್ಪಂದವಾಯಿತು. ನನ್ನ ವಾರದಲ್ಲಿ ನನ್ನ ಕಾರೇ ಬರಬೇಕು, ಪೆಟ್ರೋಲ್ ನನ್ನದೇ, ಗುಂಪು ಒಡೆಯಬಾರದು. ಆದರೆ ಓಡಿಸುವುದು ಸ್ಟೆಲ್ಲಾ ಮೇಡಂ. ನಾನು ಹಿಂದಿನ ಸೀಟಿನಲ್ಲಿ, ಮುನಿರೆಡ್ಡಿಯವರ ಪಕ್ಕ. ಮನಸ್ಸಿಗೆ ಸ್ವಲ್ಪ ಕಷ್ಟವಾಯಿತು, ಒಪ್ಪಿಕೊಂಡೆ. ಭಾನುವಾರ ಸ್ಟಿಯರಿಂಗ್ ಹೇಗೂ ನನ್ನದೇ, ಪೇಪರ್ ಓದಲಿಕ್ಕಾದರೂ. ನನ್ನ ವಾರದಲ್ಲೂ ಈಗ ಕಾರಿನ ತುಂಬ ಮಾತು. ಮೇಡಂ ಸೇತುವೆ ಇಳಿಯುವಾಗ ಇಂಜಿನ್ ಗುಂಯ್ ಎನ್ನುತ್ತಿರುತ್ತದೆ, ಕಣ್ಣು ಮುಚ್ಚಿಕೊಳ್ಳುವವನು ನಾನೊಬ್ಬನೇ. ಸುಡುತ್ತಿರುವ ಪೆಟ್ರೋಲನ್ನು ಕಣ್ಣಿಂದ ನೋಡಲಾಗುವುದಿಲ್ಲ.

ಆದರೆ ವಿಚಿತ್ರ ನೋಡಿ. ಮೇಡಂ ಸಿಗ್ನಲ್ಲಿನಲ್ಲಿ ಇಂಜಿನ್ ಆರಿಸುವುದಿಲ್ಲ, ಬ್ರೇಕನ್ನು ಧಾರಾಳವಾಗಿ ಒತ್ತುತ್ತಾರೆ, ಸ್ಟೆಪ್ನಿಯನ್ನೂ ವಾಪಸು ಹಾಕಿಸಿದ್ದಾರೆ. ಆದರೂ ಮೊದಲು ವಾರಕ್ಕೆರಡು ಸಲ ಬಂಕಿಗೆ ಹೋಗುತ್ತಿದ್ದವನು ಈಗ ಒಂದು ಸಲ ಹೋದರೆ ಹೆಚ್ಚು. "ನೋಡಿದ್ರಾ, ಮನಸ್ಸು ಮಾಡಿದ್ರೆ ಖರ್ಚು ಇಳಿಸ್ಬಹುದು" ಎಂದು ಸರೋಜ ನನ್ನನ್ನೇ ಹೊಗಳುತ್ತಾಳೆ. ಪೆಟ್ರೋಲ್ ಮೀಟರಿನ ಮುಳ್ಳು ಯಾಕೆ ಇಳಿಯುವುದಿಲ್ಲ? ಮಧ್ಯಾಹ್ನ ಊಟದ ಹೊತ್ತಿಗೆ ಮುನಿರೆಡ್ಡಿ ಆಗಾಗ ಕಾರಿನ ಕೀ ಕೇಳಿ ಪಡೆಯುತ್ತಾರೆ, ನೆರಳಿಗೆ ನಿಲ್ಲಿಸುತ್ತೇನೆ ಎಂದು. ಸಂಜೆ ಹೋಗಿ ನೋಡಿದರೆ ಕಾರು ಬೆಳಿಗ್ಗೆ ನಿಂತ ಜಾಗದಲ್ಲೇ ಇರುತ್ತದೆ. ಅವರು ಕೊಟ್ಟ ಕೀಯನ್ನು ಒಮ್ಮೆ ಮೂಸಿ ನೋಡಿದೆ, ಪೆಟ್ರೋಲ್ ವಾಸನೆ ಘಮ್ಮೆಂದಿತು. ಈ ಮನುಷ್ಯ ಮತ್ತೆ ಸ್ಟಿಯರಿಂಗ್ ಕೇಳದಿರಲಿ ಎಂದು ಮೂವರೂ ಸೇರಿ ಗುಟ್ಟಾಗಿ ನನ್ನ ಟ್ಯಾಂಕಿಗೆ ಪೆಟ್ರೋಲ್ ಸುರಿಯುತ್ತಿದ್ದಾರೆಂದು ನನಗೆ ಬಲವಾದ ಅನುಮಾನ. ಹಿಡಿಯುವುದು ಏನೂ ಕಷ್ಟವಲ್ಲ, ಒಂದು ಮಧ್ಯಾಹ್ನ ಗೇಟಿನ ಹಿಂದೆ ಅವಿತು ನಿಂತರೆ ಸಾಕು. ಆದರೆ ಆ ಹೊತ್ತಿಗೆ ಸರಿಯಾಗಿ ನನಗೆ ಕ್ಯಾಂಟೀನಿನಲ್ಲಿ ಇನ್ನೊಂದು ಲೋಟ ಮಜ್ಜಿಗೆ ಬೇಕೆನ್ನಿಸುತ್ತದೆ. ಅದನ್ನು ನಿಧಾನವಾಗಿ, ಬಾಗಿಲಿಗೆ ಬೆನ್ನು ಹಾಕಿ ಕೂತು ಕುಡಿಯುತ್ತೇನೆ.